ನಿಂತೇ ಓಡಿಸುವ ಜೆಟ್‌ಸ್ಕಿ

ಹಿರೇಕೆರೂರು ಸೀಮೆಯವರಿಗೆ ದೊಡ್ಡ ನೀರೆಂದರೆ ಮದಗ ಮಾಸೂರು ಕೆರೆ. ಅಲ್ಲಿ ಮೋಟಾರಿನ ಗದ್ದಲ ಬೇಡವೇ ಬೇಡ. ಜೆಟ್‌ಸ್ಕಿ ನೋಡಲು ಪಣಂಬೂರಿನ ಕಡಲಿಗೆ ಹೋಗಬೇಕು. ಅಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವುದು ಸೀಟಿನ ಗಾಡಿ. ನನ್ನ ಮೆಚ್ಚುಗೆ ಸೀಟೇ ಇಲ್ಲದ ಬಗೆಗೆ.

ಅಮೆರಿಕದ ಮೋಟೊಕ್ರಾಸ್ ಸವಾರ ಕ್ಲೇಟನ್ ಜೇಕಬ್ಸನ್ ಕಲ್ಪಿಸಿದ ಇದನ್ನು ಕವಾಸಾಕಿ 1973ರಲ್ಲಿ ಮಾರುಕಟ್ಟೆಗೆ ತಂದಿತು: 400 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಅಡಿಯಿಂದ ನೀರು ಹೀರಿ ಹಿಂದಿನ ನಾಝಲ್‌ನಿಂದ ಚಿಮ್ಮಿಸುತ್ತದೆ; ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ನಾಝಲ್. ಆದ್ದರಿಂದ ಆಕ್ಸಿಲರೇಟರ್ ಬಿಟ್ಟರೆ ತಿರುವೂ ಇಲ್ಲ. ಹೆದರಿ ಕೈ ಸಡಿಲಿಸಿದವನೇ ಹೋಗಿ ಗುದ್ದುತ್ತಾನೆ! ಮೊದಲು ಮಂಡಿಯೂರಿ, ವೇಗ ಬಂದ ಮೇಲೆ ಎದ್ದು ನಿಲ್ಲಬೇಕು.

ರಿಪೇರಿಯ ಸೊಗಸೆಲ್ಲ ಪಂಪಿನಲ್ಲಿದೆ. ತಿರುಗಿ ನೀರು ತಳ್ಳುವ ಇಂಪೆಲ್ಲರ್‌ಗೂ ಸುತ್ತಲಿನ ಬಳೆಗೂ ನಡುವೆ ಕೂದಲೆಳೆಯಷ್ಟೇ ಸಂದು. ಮರಳು ತಿಕ್ಕಿ ಅದು ಅಗಲವಾದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಸಾಗದು. ಅರಿಯದವರು ಆಗ ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ಹೆಡ್ ತೇಯಿಸಿ ಕಂಪ್ರೆಷನ್ ಏರಿಸುವುದು, ಇಂಪೆಲ್ಲರ್‌ನ ಪಿಚ್ ಬದಲಿಸುವುದು ಎಲ್ಲ ಆಮೇಲಿನ ಮಾತು. ಟೂ ಸ್ಟ್ರೋಕ್ ಬೈಕುಗಳನ್ನು ಬಿಚ್ಚಿ ಜೋಡಿಸಿದ ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಈ ಎಂಜಿನ್ ಹೊಸದೆನಿಸದು. ಪೆಟ್ರೋಲಿಗೆ ಆಯಿಲ್ ಬೆರೆಸುವ ಹದ ಅವರಿಗೆ ಕೈವಶ.

ಇದೇ ಬಗೆಯ, ಯಮಹಾದ ಸೂಪರ್‌ಜೆಟ್ 2021ರಲ್ಲಿ ಫೋರ್ ಸ್ಟ್ರೋಕ್ ಆಯಿತು. ಹೊಗೆ ಇಳಿಯಿತು, ತೂಕ ಏರಿತು. ನನ್ನ ಓಟು ಹಳೆಯದಕ್ಕೇ. ಉಪ್ಪುನೀರಿನಲ್ಲಿ ಓಡಿಸಿದವರು ಮಾತ್ರ ಅದೇ ದಿನ ಸಿಹಿನೀರು ಹಾಯಿಸಿ: ಎಂಜಿನ್ ಚಾಲೂ ಮಾಡಿ ನೀರು ಬಿಡಿ, ನೀರು ನಿಲ್ಲಿಸಿ ಎಂಜಿನ್ ಆಫ್ ಮಾಡಿ.