ಚಿತ್ರಪ್ರದರ್ಶನವೂ ತೆರೆಯ ಪ್ರತಿಬಿಂಬವೂ

ಚಿತ್ರವನ್ನು ಚೌಕಟ್ಟಿಗೇರಿಸಿ, ಗೋಡೆಗೆ ತೂಗುಹಾಕಿ, ಬಲ್ಲವರನ್ನೂ ಊರವರನ್ನೂ ಕರೆದು ತೋರಿಸುವುದಕ್ಕೆ ಪ್ರದರ್ಶನವೆಂದು ಹೆಸರು. ಈಚಿನ ಕೆಲವು ವರ್ಷಗಳಲ್ಲಿ ಬೇರೊಂದು ಕ್ರಮವೂ ಬಳಕೆಗೆ ಬಂದಿದೆ. ಇದರಲ್ಲಿ ಚಿತ್ರವು ಬರೆದವನ ಮನೆಯಲ್ಲಿಯೇ ಉಳಿಯುವುದು; ಅದರ ಛಾಯಾಚಿತ್ರ ಮಾತ್ರ ಅಂತರ್ಜಾಲದ ದಾರಿಯಿಂದ ಬಂದು ನೋಡುವವನ ಮೊಬೈಲಿನ ತೆರೆಯ ಮೇಲೆ ನಿಲ್ಲುವುದು. ಜನರು ಇದನ್ನು ಆನ್‌ಲೈನ್ ಪ್ರದರ್ಶನವೆನ್ನುವರು. ಇದು ಪ್ರದರ್ಶನವೆಂಬ ಹೆಸರಿಗೆ ಎಷ್ಟರಮಟ್ಟಿಗೆ ಅರ್ಹವಾದುದು, ಇದರಿಂದ ಹವ್ಯಾಸಿ ಚಿತ್ರಕಾರರಿಗೆ ಆಗುವ ಲಾಭವೇನು, ಹಾನಿಯೇನು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಈ ಕ್ರಮಕ್ಕೆ ನಮ್ಮ ನಾಡಿನಲ್ಲಿ ಪ್ರಸಿದ್ಧವಾದ ನಿದರ್ಶನವು ಬೆಂಗಳೂರಿನ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ೨೦೦೩ರಲ್ಲಿ ಆರಂಭಿಸಿದ ಈ ಸಂತೆಯು ಕುಮಾರಕೃಪಾ ರಸ್ತೆಯಲ್ಲಿ ನೆರೆಯುವುದು. ಚಿತ್ರಕಾರನೂ ನೋಡುವವನೂ ಕೊಳ್ಳುವವನೂ ಅಲ್ಲಿ ಎದುರುಬದುರಾಗಿ ನಿಲ್ಲುವರು. ೨೦೨೦ರಲ್ಲಿ ಹಬ್ಬಿದ ಕೊರೋನಾ ರೋಗದ ದೆಸೆಯಿಂದ ಜನ ಸೇರುವುದಕ್ಕೆ ಅಡ್ಡಿಯಾಗಲು, ೨೦೨೧ರ ಜನವರಿಯ ಸಂತೆಯನ್ನು ಅಂತರ್ಜಾಲದಲ್ಲಿಯೇ ನಡೆಯಿಸಿದರು. ೨೦೨೨ರ ಮಾರ್ಚಿಯಲ್ಲಿ ಅದು ಮತ್ತೆ ರಸ್ತೆಗೆ ಬಂದಿತು. ಆಪತ್ತಿನಲ್ಲಿ ಹಿಡಿದುದನ್ನು ಆಪತ್ತು ಕಳೆದ ಮೇಲೆ ಬಿಟ್ಟರು. ಎಂದರೆ ಆ ಸಂಸ್ಥೆಗೆ ಅದು ಆಪದ್ಧರ್ಮವಾಗಿದ್ದಿತು. ಸ್ವಂತ ಚಿತ್ರಶಾಲೆಯೂ ಎದುರಿಗೆ ರಾಜಮಾರ್ಗವೂ ಉಳ್ಳ ಸಂಸ್ಥೆಗೆ ಹಿಂದಿರುಗಲು ಸ್ಥಳವಿದ್ದಿತು. ಅಂತಹ ಸ್ಥಳವಿಲ್ಲದ ಊರುಗಳ ಹವ್ಯಾಸಿಗಳಿಗೆ ಈ ಆಪದ್ಧರ್ಮವೇ ನಿತ್ಯಧರ್ಮವಾಗುವ ಸಂಭವವುಂಟು. ಆದುದರಿಂದ ಈ ಪ್ರಶ್ನೆಯನ್ನು ರಾಜಧಾನಿಯ ಕಡೆಯಿಂದಲ್ಲದೆ ತಾಲ್ಲೂಕುಗಳ ಕಡೆಯಿಂದ ನೋಡುವುದು ಯುಕ್ತ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ಊರುಗಳನ್ನು ತೆಗೆದುಕೊಳ್ಳೋಣ. ಇವು ಮೈಸೂರಿಗೆ ಸುಮಾರು ೪೦ರಿಂದ ೭೦ ಕಿಲೋಮೀಟರುಗಳ ಒಳಗಿರುವುವು. ಚಿತ್ರಕ್ಕೆ ವಸ್ತುವು ಇಲ್ಲಿ ಹೇರಳವಾಗಿದೆ: ಲಕ್ಷ್ಮಣತೀರ್ಥದ ದಡ, ಬೆಟ್ಟದಪುರದ ಬೆಟ್ಟ, ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಎಡೆ, ಕಬಿನಿಯ ಹಿನ್ನೀರು, ಅದರಾಚೆಯ ಕಾಡು. ಶಾಲೆಯ ಡ್ರಾಯಿಂಗ್ ಮೇಷ್ಟರು, ಲೋಯರ್ ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಮುಗಿಸಿ ಬೇರೆ ಉದ್ಯೋಗಕ್ಕೆ ಸೇರಿದವರು, ಅಂಗಡಿಗಳ ಬೋರ್ಡು ಬರೆದು ಜೀವಿಸುವವರು, ಮನೆಗೆಲಸದ ನಡುವೆ ಕುಂಚ ಹಿಡಿಯುವ ಗೃಹಿಣಿಯರು, ಇಂತಹವರೇ ಇಂಥ ಊರುಗಳ ಹವ್ಯಾಸಿ ಗುಂಪುಗಳಲ್ಲಿ ಸೇರುವರು. ಚಿತ್ರವನ್ನು ಚಿತ್ರಶಾಲೆಯಲ್ಲಿ ಕಾಣಬೇಕಾದರೆ ಇವರು ಮೈಸೂರಿಗೆ ಹೋಗುವುದು ವಾಡಿಕೆ. ತಮ್ಮ ಚಿತ್ರಗಳನ್ನು ತೋರಿಸಬೇಕಾದರೆ ಕಟ್ಟು, ಗಾಜು, ಸಾಗಣೆ, ಸಭಾಂಗಣದ ಬಾಡಿಗೆ, ಎರಡು ದಿನದ ರಜೆ ಇಷ್ಟೂ ಬೇಕು. ತೆರೆಯ ಪ್ರದರ್ಶನಕ್ಕೆ ಇವಾವುವೂ ಬೇಡ.

ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಿಬರುತ್ತಿವೆ. ಚಿತ್ರವೆಂಬುದು ಕಣ್ಣಿಗೆ ವಿಷಯವಾದ ವಸ್ತು. ಕಣ್ಣಿಗೆ ಕಂಡಮೇಲೆ ಗೋಡೆಯ ಮೇಲೆ ಕಂಡರೇನು, ತೆರೆಯ ಮೇಲೆ ಕಂಡರೇನು ಎಂಬುದು ಮೊದಲನೆಯದು. ತೆರೆಯಲ್ಲಿ ಕಾಣುವುದು ಚಿತ್ರವೇ ಅಲ್ಲ, ಅದರ ನೆರಳು; ನೆರಳನ್ನು ತೋರಿಸಿ ಪ್ರದರ್ಶನವೆನ್ನುವುದು ಮಾತಿನ ಮೋಸವೆಂಬುದು ಎರಡನೆಯದು. ಮೊದಲನೆಯವರು ಬಿಂಬಕ್ಕೂ ಪ್ರತಿಬಿಂಬಕ್ಕೂ ಭೇದವನ್ನೇ ಕಾಣರು. ಎರಡನೆಯವರು ಪ್ರತಿಬಿಂಬದಲ್ಲಿ ಬಿಂಬದ ಯಾವ ಗುಣವೂ ಬಾರದೆನ್ನುವರು. ಕನ್ನಡಿಯಲ್ಲಿ ಮುಖ ನೋಡಿಕೊಂಡು ತಿಲಕವಿಟ್ಟುಕೊಳ್ಳುವವರು ಎರಡನ್ನೂ ಒಪ್ಪಲಾರರು. ಪ್ರತಿಬಿಂಬದಲ್ಲಿ ಯಾವ ಗುಣ ಬರುವುದು, ಯಾವುದು ಬಾರದು ಎಂದು ವಿಂಗಡಿಸುವುದೇ ವಿಮರ್ಶಕನ ಕೆಲಸ.

ಈ ವಿಂಗಡಣೆಗೆ ನಮ್ಮಲ್ಲಿ ಸಿದ್ಧವಾದ ಅಳತೆಗೋಲೊಂದಿದೆ. ವಾತ್ಸ್ಯಾಯನನ ಕಾಮಸೂತ್ರಕ್ಕೆ ಯಶೋಧರನು ಬರೆದ ಜಯಮಂಗಲಾ ಎಂಬ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ ಎಂಬ ಆರು ಅಂಗಗಳು ಹೇಳಲ್ಪಟ್ಟಿವೆ. ೨೦ನೆಯ ಶತಮಾನದ ಆದಿಭಾಗದಲ್ಲಿ ಅವನೀಂದ್ರನಾಥ ಠಾಕೂರರು ಈ ಷಡಂಗಗಳನ್ನು ಕುರಿತು ಬರೆದು ಅವುಗಳಿಗೆ ಮರಳಿ ಪ್ರಚಾರ ತಂದರು, ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವರ ಶಿಷ್ಯರಾಗಿದ್ದರು. ತೆರೆಯ ಪ್ರದರ್ಶನವನ್ನು ಈ ಆರರ ಮೂಲಕ ಪರೀಕ್ಷಿಸಿದರೆ ವಿವಾದವು ಬಹುಮಟ್ಟಿಗೆ ತೀರುವುದು.

ರೂಪಭೇದ, ಭಾವ, ಸಾದೃಶ್ಯ ಈ ಮೂರೂ ಪ್ರತಿಬಿಂಬದಲ್ಲಿ ಸಾಮಾನ್ಯವಾಗಿ ಉಳಿಯುವುವು. ಬೆಟ್ಟವು ಬೆಟ್ಟವಾಗಿ, ಮರವು ಮರವಾಗಿ ಬೇರೆಬೇರೆ ತೋರುವುದು. ಮುದುಕಿಯ ಮುಖದ ದುಗುಡವು ದುಗುಡವಾಗಿಯೇ ಕಾಣುವುದು. ಬರೆದುದು ಬರೆಸಿಕೊಂಡುದನ್ನು ಹೋಲುವುದೋ ಇಲ್ಲವೋ ಎಂಬುದೂ ತಿಳಿಯುವುದು. ರೇಖೆಯ ತಪ್ಪುಒಪ್ಪುಗಳೂ ಬಹುಮಟ್ಟಿಗೆ ಗೋಚರವಾಗುವುವು. ಇಷ್ಟುಮಟ್ಟಿಗೆ ಮೊದಲನೆಯ ಪಕ್ಷದವರ ಮಾತು ದಿಟ.

ಪ್ರಮಾಣದ ವಿಷಯದಲ್ಲಿ ಹಾಗಲ್ಲ. ಇಲ್ಲಿ ಎರಡು ಪ್ರಮಾಣಗಳನ್ನು ಬೇರ್ಪಡಿಸಬೇಕು. ಅಂಗಕ್ಕೂ ಅಂಗಕ್ಕೂ ಇರುವ ಪ್ರಮಾಣವು ತೆರೆಯಲ್ಲಿ ಕೆಡದು. ಚಿತ್ರಕ್ಕೂ ನೋಡುವವನ ದೇಹಕ್ಕೂ ಇರುವ ಪ್ರಮಾಣವಾದರೋ ಪೂರ್ತಿಯಾಗಿ ಅಳಿಯುವುದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟ್ಟಿನವರು ಕಟ್ಟಿರುವ ನಾಮ್‌ಡ್ರೋಲಿಂಗ್ ವಿಹಾರದ ಸ್ವರ್ಣಮಂದಿರವನ್ನು ಹೊಕ್ಕವನು ಗೋಡೆಯ ಚಿತ್ರಗಳನ್ನು ತಲೆಯೆತ್ತಿ ನೋಡುವನು. ಎದುರಿಗೆ ಬುದ್ಧ, ಪದ್ಮಸಂಭವ, ಅಮಿತಾಯು ಇವರ ಬಂಗಾರದ ಬಣ್ಣದ ಮಹಾಮೂರ್ತಿಗಳು. ತಾನು ಚಿಕ್ಕವನೆಂಬ ಅನುಭವವು ಅಲ್ಲಿ ರಸದ ಒಂದು ಭಾಗ. ಅದೇ ಗೋಡೆಯನ್ನು ಅಂಗೈಯಲ್ಲಿ ಹಿಡಿದಾಗ ನೋಡುವವನು ದೊಡ್ಡವನಾಗುವನು, ಚಿತ್ರವು ಚಿಕ್ಕದಾಗುವುದು. ಮೂರು ಅಡಿಯ ಚಿತ್ರವೂ ಆರು ಅಂಗುಲದ ಚಿತ್ರವೂ ತೆರೆಯಲ್ಲಿ ಒಂದೇ ಅಳತೆಯವಾಗಿ ನಿಲ್ಲುವುವು. ದೊಡ್ಡ ಹರವನ್ನು ತುಂಬಿದವನ ಧೈರ್ಯವೂ ಸಣ್ಣ ಹರವಿನಲ್ಲಿ ದುಡಿದವನ ಕುಸುರಿಯೂ ಲೆಕ್ಕಕ್ಕೆ ಬಾರದೆ ಹೋಗುವುವು.

ವರ್ಣಿಕಾಭಂಗ, ಲಾವಣ್ಯ ಇವೆರಡಕ್ಕೆ ಒದಗುವ ಹಾನಿಯು ಇನ್ನೂ ಸೂಕ್ಷ್ಮವಾದುದು. ಮೈಸೂರಿನ ಸಾಂಪ್ರದಾಯಿಕ ಚಿತ್ರದಲ್ಲಿ ಸಫೇದವನ್ನೂ ಅಂಟನ್ನೂ ಕೂಡಿಸಿದ ಮಕ್ಕಿಯ ಲೇಪದಿಂದ ಆಭರಣ, ಪ್ರಭಾವಳಿ, ಸೆರಗಿನ ಅಂಚುಗಳನ್ನು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಕೊಡುವರು. ತಂಜಾವೂರಿನ ಚಿತ್ರಕ್ಕಿಂತ ಈ ಉಬ್ಬು ಬಹಳ ಕಡಿಮೆ. ಆ ಮಿತಿಯಲ್ಲಿಯೇ ಮೈಸೂರಿನ ಶೈಲಿಯ ಸೊಗಸು ಇರುವುದು. ಚಿನ್ನವೆಂಬುದು ಇಲ್ಲಿ ಒಂದು ಬಣ್ಣವಲ್ಲ; ನೋಡುವವನು ಒಂದು ಹೆಜ್ಜೆ ಸರಿದರೆ ಮಿನುಗು ಒಡನೆ ಸರಿಯುವುದು. ಮುತ್ತಿನ ಒಳಗಿನಿಂದ ಹೊಮ್ಮಿದಂತೆ ತೋರುವ ತರಳಕಾಂತಿಯನ್ನು ಲಾವಣ್ಯವೆಂದು ಆಲಂಕಾರಿಕರು ವಿವರಿಸಿರುವರಷ್ಟೆ. ಆ ತರಳತೆಯು ಛಾಯಾಚಿತ್ರದಲ್ಲಿ ಹೆಪ್ಪುಗಟ್ಟಿ, ಚಿನ್ನವು ಅರಿಸಿನದ ಬಳಿತದಂತೆ ಕಾಣುವುದು. ವರ್ಷಗಟ್ಟಲೆ ಕೈ ಪಳಗಿಸಿ ರೇಕು ಕೂರಿಸಿದವನ ಕೆಲಸವೂ, ಅಂಗಡಿಯ ಬಂಗಾರದ ಬಣ್ಣವನ್ನು ಬಳಿದವನ ಕೆಲಸವೂ ತೆರೆಯಲ್ಲಿ ಸಮಾನವಾದರೆ ನಷ್ಟವು ಯಾರಿಗೆಂಬುದನ್ನು ಹೇಳಬೇಕಾದುದಿಲ್ಲ.

ಇನ್ನೊಂದು ನಿದರ್ಶನ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪವನ್ನು ಕೈಯಿಂದ ಮರೆಮಾಡಿ ಹಿಡಿದ ಹೆಂಗಸಿನ ಚಿತ್ರವಿದೆ. ರವಿವರ್ಮನದೆಂದು ಅನೇಕರು ತಪ್ಪಾಗಿ ತಿಳಿದಿರುವ ಇದು ಎಸ್. ಎಲ್. ಹಳದಣಕರರ ಜಲವರ್ಣದ ಕೃತಿ. ಇದನ್ನು ಮಬ್ಬುಗತ್ತಲೆಯಲ್ಲಿಟ್ಟು ತೋರಿಸುವ ಪದ್ಧತಿಯು ಬಂದಿರುವುದು ನಿಷ್ಕಾರಣವಾಗಿ ಅಲ್ಲ. ಕಾಗದದ ಮೇಲಣ ಬಣ್ಣವು ತಾನಾಗಿ ಬೆಳಗದು. ಬಿದ್ದ ಬೆಳಕನ್ನು ಮರಳಿಸುವುದು. ಹಾಗಿದ್ದರೂ ದೀಪವು ಉರಿಯುತ್ತಿರುವಂತೆಯೂ, ಬೆರಳುಗಳ ನಡುವೆ ಕೆಂಪು ಸೋರುತ್ತಿರುವಂತೆಯೂ ತೋರುವುದೇ ಆ ಚಿತ್ರದ ವಿಸ್ಮಯ. ಮೊಬೈಲಿನ ತೆರೆಯಾದರೋ ಸ್ವತಃ ಬೆಳಗುವ ವಸ್ತು. ಅಲ್ಲಿ ದೀಪವೂ ಬೆಳಗುವುದು, ಸೀರೆಯೂ ಬೆಳಗುವುದು, ಹಿನ್ನೆಲೆಯ ಕತ್ತಲೆಯೂ ತುಸು ಬೆಳಗುವುದು. ಎಲ್ಲವೂ ಬೆಳಗುವಲ್ಲಿ ದೀಪ ಬೆಳಗಿದುದರಲ್ಲಿ ವಿಸ್ಮಯವೇನು? ಚಿತ್ರಕಾರನು ಸಾಧಿಸಿದುದನ್ನು ಯಂತ್ರವು ಅನಾಯಾಸವಾಗಿ ಮಾಡಿ, ಸಾಧನೆಯನ್ನೇ ಮರೆಮಾಡುವುದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರದ ಪ್ರಕರಣವು ಗೋಡೆಯನ್ನು ನಯಮಾಡುವ ವಿಧಾನ, ವಜ್ರಲೇಪವೆಂಬ ಅಂಟನ್ನು ಕಾಸುವ ವಿಧಾನ ಮೊದಲಾದುವನ್ನು ವಿಸ್ತಾರವಾಗಿ ಹೇಳುವುದು. ಭಿತ್ತಿಯು ಚಿತ್ರಕ್ಕೆ ಹೊರಗಣ ಆಧಾರ ಮಾತ್ರವಲ್ಲ, ಚಿತ್ರದ ಶರೀರವೇ ಎಂಬ ಭಾವವು ಇದರಿಂದ ತೋರುವುದು. ತೆರೆಯಲ್ಲಿ ಚಿತ್ರಕ್ಕೆ ಭಿತ್ತಿಯಿಲ್ಲ. ಇಷ್ಟುಮಟ್ಟಿಗೆ ಎರಡನೆಯ ಪಕ್ಷದವರ ಮಾತೂ ದಿಟ.

ಆದರೆ ಅವರ ಮಾತು ಎಲ್ಲ ಚಿತ್ರಕ್ಕೂ ಸಲ್ಲದು. ಗೋಡೆಗಲ್ಲದೆ ಕೈಗೆಂದೇ ಹುಟ್ಟಿದ ಚಿತ್ರಗಳು ನಮ್ಮಲ್ಲಿ ಮೊದಲಿನಿಂದಲೂ ಇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಚಿತ್ರಗಳು ಓಲೆಯನ್ನೋ ಪುಸ್ತಕವನ್ನೋ ಓದುವಷ್ಟು ದೂರದಲ್ಲಿ ನೋಡತಕ್ಕವು. ಅದರ ಕೌತುಕನಿಧಿಯಲ್ಲಿ ಬರುವ ಗಂಜೀಫದ ಎಲೆಗಳು ಬೆರಳುಗಳ ನಡುವೆ ಹಿಡಿದು ಆಡತಕ್ಕವು. ಇಂತಹ ಸೂಕ್ಷ್ಮಚಿತ್ರಗಳಿಗೆ ಅಂಗೈಯ ತೆರೆಯು ಪರಕೀಯವಲ್ಲ. ಹಿಗ್ಗಿಸಿ ನೋಡುವ ಅನುಕೂಲದಿಂದ ಕೂದಲೆಳೆಯ ರೇಖೆಯೂ ಸ್ಪಷ್ಟವಾಗುವುದು. ಲೇಖನಿಯ ಚಿತ್ರ, ಸಣ್ಣ ಜಲವರ್ಣ, ಪುಸ್ತಕದ ಅಳತೆಯ ಭೂದೃಶ್ಯ ಇವೂ ಅಲ್ಲಿ ಹೆಚ್ಚು ನೋಯುವುದಿಲ್ಲ.

ರಂಗೋಲಿಯ ಸ್ಥಿತಿಯು ಇನ್ನೂ ವಿಶೇಷವಾದುದು. ಪುಡಿಯಿಂದ ಬರೆಯುವ ಧೂಳಿಚಿತ್ರವನ್ನು ಮಾನಸೋಲ್ಲಾಸವು ಚಿತ್ರದ ಒಂದು ಭೇದವಾಗಿಯೇ ಎಣಿಸಿದೆ. ಬೆಳಗ್ಗೆ ಬರೆದುದು ಸಂಜೆಗೆ ತುಳಿದುಹೋಗುವುದು, ಮರುದಿನ ಗುಡಿಸಿಹೋಗುವುದು. ಅದನ್ನು ಅಂಗಳದಿಂದ ಎತ್ತಿ ಮೈಸೂರಿನ ಚಿತ್ರಶಾಲೆಗೆ ಸಾಗಿಸುವ ಉಪಾಯವಿಲ್ಲ. ಹೆಗ್ಗಡದೇವನಕೋಟೆಯ ಹಳ್ಳಿಯೊಂದರ ಹೆಂಗಸು ಚುಕ್ಕಿಯಿಟ್ಟು ಎಳೆದ ಬಳ್ಳಿಯನ್ನು ಹುಣಸೂರಿನವರು ನೋಡಬೇಕಾದರೆ ಛಾಯಾಚಿತ್ರವಲ್ಲದೆ ದಾರಿಯೇ ಇಲ್ಲ. ಇಲ್ಲಿ ತೆರೆಯು ಚಿತ್ರಶಾಲೆಯ ಬದಲಿಗೆ ಬಂದುದಲ್ಲ. ಇಲ್ಲದ ಚಿತ್ರಶಾಲೆಯನ್ನು ಉಂಟುಮಾಡಿದುದು.

ಹೀಗೆ ವಿಚಾರಿಸಿದರೆ, ತೆರೆಯ ಪ್ರದರ್ಶನವು ಗ್ರಾಹ್ಯವೋ ತ್ಯಾಜ್ಯವೋ ಎಂದು ಒಟ್ಟಾಗಿ ಕೇಳುವ ಪ್ರಶ್ನೆಯೇ ಸರಿಯಲ್ಲ. ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಕ್ಷೇಮೇಂದ್ರನು ಸಾಧಿಸಿದನು. ಪ್ರದರ್ಶನಕ್ಕೂ ಅದೇ ಜೀವ. ಯಾವ ಚಿತ್ರಕ್ಕೆ ಯಾವ ಭಿತ್ತಿ ಉಚಿತವೆಂದು ಅರಿತು ತೋರಿಸುವ ಗುಂಪು ಉತ್ತಮ. ಅರಿಯದೆ ಎಲ್ಲವನ್ನೂ ಒಂದೇ ತೆರೆಗೆ ಸುರಿಯುವ ಗುಂಪು ಅಧಮ.

ಇದಕ್ಕಿಂತಲೂ ದೊಡ್ಡ ಅಪಾಯವೊಂದು ಉಳಿದಿದೆ. ಅದು ಚಿತ್ರಕ್ಕಲ್ಲ, ಚಿತ್ರಕಾರನಿಗೆ. ತೆರೆಯ ಪ್ರದರ್ಶನದಲ್ಲಿ ನೋಡಿದವರು ಹೆಬ್ಬೆರಳಿನ ಗುರುತನ್ನೊತ್ತಿಯೋ, ಹೂವಿನ ಚಿತ್ರವನ್ನು ಕಳುಹಿಸಿಯೋ ಮುಂದೆ ಸಾಗುವರು. ಗುರುತುಗಳ ಸಂಖ್ಯೆಯೇ ಗುಣದ ಅಳತೆಯೆಂದು ಹವ್ಯಾಸಿಯು ಭ್ರಮಿಸುವನು. ಯಾವ ಬಣ್ಣ ಬೆರಳನ್ನು ತಡೆದು ನಿಲ್ಲಿಸುವುದೋ ಅದನ್ನೇ ಬಳಿಯತೊಡಗುವನು. ಮಂದವಾದ ಮಣ್ಣಿನ ಬಣ್ಣಗಳು, ಮುಂಜಾವಿನ ಹಿನ್ನೀರಿನ ಬೂದುಬಣ್ಣ ಇವೆಲ್ಲ ಅವನ ಹಲಗೆಯಿಂದ ಜಾರುವುವು. ಕಣ್ಣೆದುರಿನ ಚುಂಚನಕಟ್ಟೆಯನ್ನು ಬಿಟ್ಟು, ತೆರೆಯಲ್ಲಿ ಕಂಡ ಯಾವುದೋ ದೇಶದ ಜಲಪಾತವನ್ನು ನಕಲುಮಾಡಿ ಮರಳಿ ತೆರೆಗೆ ಏರಿಸುವನು. ಆಗ ಪ್ರತಿಬಿಂಬಕ್ಕೆ ಪ್ರತಿಬಿಂಬವೇ ಮೂಲವಾಗುವುದು. ನಡುವೆ ಬಿಂಬವೇ ಇಲ್ಲ. ನೋಡುವವರು ತಮ್ಮ ತಮ್ಮ ಸಂಸ್ಕಾರಕ್ಕೆ ತಕ್ಕಂತೆ ಚಿತ್ರದಲ್ಲಿ ಬೇರೆಬೇರೆ ಅಂಶಗಳನ್ನು ಮೆಚ್ಚುವರೆಂದೂ, ಆಚಾರ್ಯರ ಕಣ್ಣು ರೇಖೆಯ ಮೇಲಿರುವುದೆಂದೂ ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಹೇಳಿದೆ. ಗುರುತುಗಳ ಎಣಿಕೆಯಲ್ಲಿ ಆಚಾರ್ಯನ ಮೆಚ್ಚುಗೆಯೂ ದಾರಿಹೋಕನ ಮೆಚ್ಚುಗೆಯೂ ಒಂದೊಂದೇ. ತಪ್ಪನ್ನು ತೋರಿಸುವ ಒಬ್ಬನು ಹವ್ಯಾಸಿಗೆ ಮಾಡುವ ಉಪಕಾರವನ್ನು ನೂರು ಹೆಬ್ಬೆರಳುಗಳು ಮಾಡಲಾರವು. ಹವ್ಯಾಸಿಯೆಂಬ ದಾಕ್ಷಿಣ್ಯದಿಂದ ವಿಮರ್ಶಕನು ಸುಮ್ಮನಿದ್ದರೆ ಅದು ದಯೆಯಲ್ಲ, ಉಪೇಕ್ಷೆ.

ಆದುದರಿಂದ ಇಂತಹ ಗುಂಪುಗಳು ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಪ್ರತಿಯೊಂದು ಚಿತ್ರದ ಕೆಳಗೆ ಉದ್ದಗಲಗಳನ್ನೂ, ಭಿತ್ತಿಯು ಕಾಗದವೋ ಬಟ್ಟೆಯೋ ಹಲಗೆಯೋ ಎಂಬುದನ್ನೂ, ಬಣ್ಣದ ಜಾತಿಯನ್ನೂ ತಪ್ಪದೆ ಬರೆಯತಕ್ಕದ್ದು. ಚಿತ್ರವು ಗೋಡೆಯ ಮೇಲಿರುವಾಗ ಪಕ್ಕದಲ್ಲಿ ಮನುಷ್ಯನೊಬ್ಬನು ನಿಂತಿರುವ ಇನ್ನೊಂದು ಛಾಯಾಚಿತ್ರವನ್ನು ಸೇರಿಸಿದರೆ ಅಳತೆಯ ಅರಿವು ತುಸುವಾದರೂ ಉಂಟಾಗುವುದು. ಚಿನ್ನದ ಕೆಲಸವನ್ನು ಓರೆಬೆಳಕಿನಲ್ಲಿ, ಸಾಧ್ಯವಾದರೆ ಚಲಿಸುವ ಚಿತ್ರವಾಗಿ ತೋರಿಸತಕ್ಕದ್ದು. ಪ್ರತಿಯೊಂದು ಪ್ರದರ್ಶನಕ್ಕೂ ಬಲ್ಲವರೊಬ್ಬರಿಂದ ಗುಣದೋಷಗಳ ಬರಹವೊಂದಿರಬೇಕು; ಅದು ಹೆಸರು ಹಿಡಿದು, ಚಿತ್ರ ಹಿಡಿದು ಬರೆದುದಾಗಿರಬೇಕು. ಕೊನೆಯದಾಗಿ, ವರ್ಷಕ್ಕೊಮ್ಮೆಯಾದರೂ ಅವೇ ಚಿತ್ರಗಳನ್ನು ತಾಲ್ಲೂಕಿನ ಶಾಲೆಯ ಒಂದು ಕೊಠಡಿಯಲ್ಲಿ, ಬೇಸಗೆಯ ರಜೆಯಲ್ಲಿ ಎರಡು ದಿನ ತೂಗುಹಾಕಬೇಕು. ತೆರೆಯಲ್ಲಿ ಕಂಡುದನ್ನು ಗೋಡೆಯಲ್ಲಿ ಕಂಡಾಗ ಯಾವುದು ಹೆಚ್ಚಿತು, ಯಾವುದು ಕುಗ್ಗಿತು ಎಂದು ಹವ್ಯಾಸಿಯೇ ಹೋಲಿಸಿ ನೋಡುವನು. ಅವನಿಗೆ ಅದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಶಾಸ್ತ್ರವೂ ಹೇಳಲಾರದು.

ಕನ್ನಡಿಯು ಅಲಂಕಾರಕ್ಕೆ ಸಹಾಯಕ; ಮುಖವಿಲ್ಲದೆ ಅದರಲ್ಲಿ ಕಾಣುವುದೇನೂ ಇಲ್ಲ. ತೆರೆಯನ್ನು ಕನ್ನಡಿಯೆಂದು ತಿಳಿದು ಬಳಸುವವರೆಗೆ ಈ ನಾಲ್ಕು ಊರುಗಳಂತಹ ಕಡೆಯ ಹವ್ಯಾಸಿಗಳಿಗೆ ಅದು ದೊರೆತ ಭಾಗ್ಯವೇ ಸರಿ. ಅದನ್ನೇ ಮುಖವೆಂದು ತಿಳಿದ ದಿನ, ಬರೆಯುವ ಕೈಗೂ ನೋಡುವ ಕಣ್ಣಿಗೂ ಒಟ್ಟಿಗೆ ನಷ್ಟವಾಗುವುದು.