ಪಿರನೇಸಿಯ ಮುದ್ರಾಚಿತ್ರಗಳಲ್ಲಿ ಸತ್ಯವೂ ಕಲ್ಪನೆಯೂ

ಕಲಾವಿದನಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿಜವಾಗಿ ಇರುವ ಊರಿನ ಅಥವಾ ಕಟ್ಟಡದ ಹೆಸರನ್ನು ಚಿತ್ರದ ಕೆಳಗೆ ಬರೆದ ಮೇಲೂ ಆ ಸ್ವಾತಂತ್ರ್ಯ ಹಾಗೆಯೇ ಉಳಿಯುವುದೇ? ಇಟಲಿಯ ಜೊವಾನ್ನಿ ಬತ್ತಿಸ್ತ ಪಿರನೇಸಿಯ (1720–1778) ಮುದ್ರಾಚಿತ್ರಗಳನ್ನು ಪರಿಶೀಲಿಸುವವರಿಗೆ ಈ ಪ್ರಶ್ನೆ ಅನಿವಾರ್ಯವಾಗುತ್ತದೆ.

ವೆನಿಸ್ ಸಮೀಪದಲ್ಲಿ ಜನಿಸಿದ ಪಿರನೇಸಿ ತನ್ನನ್ನು ವಾಸ್ತುಶಿಲ್ಪಿಯೆಂದೇ ಕರೆದುಕೊಂಡನು. ಆದರೆ ಅವನ ಕೈಯಿಂದ ರೂಪುಗೊಂಡ ಕಟ್ಟಡವೆಂದು ಹೇಳಬಹುದಾದದ್ದು ರೋಮಿನಲ್ಲಿ 1764ರಿಂದ 1766ರವರೆಗೆ ನವೀಕರಿಸಿದ ಸಾಂತಾ ಮರಿಯಾ ದೆಲ್ ಪ್ರಿಯೊರಾತೊ ಚರ್ಚ್ ಒಂದೇ. ಮಿಕ್ಕಂತೆ ಅವನ ನಗರಗಳೆಲ್ಲ ತಾಮ್ರದ ತಗಡಿನ ಮೇಲೆ ನಿರ್ಮಾಣಗೊಂಡವು. ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲವನ್ನು ಸೋಕಿಸಿದರೆ ಗೀರಿದ ರೇಖೆಗಳು ಮಾತ್ರ ಕೊರೆದು ಆಳವಾಗುತ್ತವೆ. ಅವುಗಳಲ್ಲಿ ಶಾಯಿ ತುಂಬಿ ಕಾಗದವನ್ನು ಒತ್ತಿದರೆ ಒಂದೇ ಚಿತ್ರದ ಅನೇಕ ಪ್ರತಿಗಳು ದೊರೆಯುತ್ತವೆ. ರೋಮಿಗೆ ಬಂದ ಪ್ರವಾಸಿಗರು ಅವುಗಳನ್ನು ಕೊಂಡು ಸ್ವದೇಶಕ್ಕೆ ಒಯ್ದರು. ರೋಮನ್ನು ಕಾಣದ ಅಸಂಖ್ಯ ಜನರಿಗೆ ಪಿರನೇಸಿಯ ರೋಮೇ ನಿಜವಾದ ರೋಮ್ ಆಯಿತು.

‘ರೋಮಿನ ನೋಟಗಳು’ ಎಂಬ ಮಾಲಿಕೆಯಲ್ಲಿ 135 ಚಿತ್ರಗಳಿವೆ. ಕಣ್ಣನ್ನು ನೆಲದ ಸಮೀಪಕ್ಕೆ ಇಳಿಸಿ, ಮನುಷ್ಯರನ್ನು ಇರುವೆಗಳಷ್ಟು ಕಿರಿದಾಗಿಸಿ, ಕಮಾನುಗಳನ್ನು ಗಗನಕ್ಕೇರಿಸುವುದು ಅವನ ರೀತಿ. ಮುಂದೆ ರೋಮಿಗೆ ಬಂದ ಜರ್ಮನ್ ಕವಿ ಗಯಟೆ, ಈ ಚಿತ್ರಗಳಿಂದ ಪರಿಚಿತವಾಗಿದ್ದ ಕ್ಯಾರಕಲ್ಲನ ಸ್ನಾನಗೃಹದ ಅವಶೇಷಗಳು ಪ್ರತ್ಯಕ್ಷದಲ್ಲಿ ಕಣ್ಣಿಗೆ ತೃಪ್ತಿ ನೀಡಲಿಲ್ಲವೆಂಬ ಅರ್ಥದಲ್ಲಿ ಬರೆದಿರುವುದು ಗಮನಾರ್ಹ.

ಹಾಗೆಂದು ಅವನನ್ನು ಕೇವಲ ಉತ್ಪ್ರೇಕ್ಷಕನೆಂದು ತಳ್ಳಿಹಾಕುವುದು ನ್ಯಾಯವಲ್ಲ. 1756ರಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟವಾದ ‘ರೋಮಿನ ಪ್ರಾಚೀನ ಅವಶೇಷಗಳು’ ಕೃತಿಯ ಉದ್ದೇಶವೇ ಸಂರಕ್ಷಣೆ. ಹಳೆಯ ಕಟ್ಟಡಗಳು ಕಾಲದ ಹೊಡೆತಕ್ಕೂ, ಹೊಸ ಮನೆಗಳಿಗಾಗಿ ಕಲ್ಲನ್ನು ಮಾರುವ ಮಾಲೀಕರ ಲೋಭಕ್ಕೂ ತುತ್ತಾಗುತ್ತಿದ್ದುದನ್ನು ಕಂಡು, ಅವುಗಳನ್ನು ಚಿತ್ರದಲ್ಲಾದರೂ ಉಳಿಸಲು ಅವನು ಸಂಕಲ್ಪಿಸಿದನು. ಅಡಿಪಾಯ, ಗೋಡೆಯ ಛೇದ, ಕಲ್ಲಿನ ಜೋಡಣೆ ಇವೆಲ್ಲವನ್ನೂ ಅಲ್ಲಿ ಶ್ರಮವಹಿಸಿ ವಿವರಿಸಿದ್ದಾನೆ.

ಅವನ ‘ಕಾರಾಗೃಹಗಳು’ ಇದಕ್ಕೆ ತೀರ ಭಿನ್ನ. 1750ರ ಸುಮಾರಿಗೆ 14 ಚಿತ್ರಗಳಾಗಿ ಹೊರಬಂದ ಈ ಮಾಲಿಕೆಯನ್ನು 1761ರಲ್ಲಿ ಅವನು ಇನ್ನಷ್ಟು ಕಪ್ಪಾಗಿಸಿ, ಎರಡು ಚಿತ್ರಗಳನ್ನು ಸೇರಿಸಿ ಪುನಃ ಪ್ರಕಟಿಸಿದನು. ಎಲ್ಲಿಗೂ ತಲುಪದ ಮೆಟ್ಟಿಲುಗಳು, ಆಧಾರವರಿಯದ ಸೇತುವೆಗಳು, ತೂಗುವ ಹಗ್ಗಗಳು ಇಲ್ಲಿ ಭಯವನ್ನು ಹುಟ್ಟಿಸುತ್ತವೆ. ಆದರೂ ಇಲ್ಲಿ ವಂಚನೆಯಿಲ್ಲ. ಇವು ಕಲ್ಪಿತವೆಂದು ಶೀರ್ಷಿಕೆಯೇ ಸಾರುತ್ತದೆ. ಅತ್ಯಂತ ಅಸಂಭವವಾದ ಚಿತ್ರಗಳಲ್ಲೇ ಅವನು ಅತ್ಯಂತ ಪ್ರಾಮಾಣಿಕನಾಗಿದ್ದಾನೆ.

ತೊಡಕಿರುವುದು 1762ರ ‘ಕಾಂಪೊ ಮಾರ್ತ್ಸಿಯೊ’ ಗ್ರಂಥದ ಮಹಾನಕ್ಷೆಯಲ್ಲಿ. ಆರು ಹಾಳೆಗಳ ಈ ನಕ್ಷೆ ಪ್ರಾಚೀನ ರೋಮಿನ ಒಂದು ಭಾಗವನ್ನು ತೋರಿಸುತ್ತದೆ. ಇಂದಿಗೂ ನಿಂತಿರುವ ಪ್ಯಾಂಥಿಯನ್ ಪಕ್ಕದಲ್ಲೇ ಎಂದೂ ಇರದ ಭವನಗಳು ಅದೇ ಶಾಯಿಯಲ್ಲಿ, ಅದೇ ನಿಖರತೆಯಲ್ಲಿ ಮೂಡಿವೆ. ಸಾಲದೆಂಬಂತೆ, ಇಡೀ ನಕ್ಷೆಯನ್ನು ಪುರಾತನ ಶಿಲಾಫಲಕದಲ್ಲಿ ಕೆತ್ತಿದಂತೆ ಕಾಣಿಸಲಾಗಿದೆ. ಅದೇ ರೋಮಿನಲ್ಲಿ 1748ರಲ್ಲಿ ಜಾಂಬತ್ತಿಸ್ತ ನೊಲ್ಲಿ 12 ಹಾಳೆಗಳಲ್ಲಿ ನಗರವನ್ನು ಅಳೆದು ಪ್ರಕಟಿಸಿದ ನಕ್ಷೆಯ ಸಂಯಮ ಇಲ್ಲಿ ನೆನಪಿಗೆ ಬರುತ್ತದೆ.

ಪಿರನೇಸಿಗೆ ಈ ಭೇದ ತಿಳಿಯದೆ ಇರಲಿಲ್ಲ. ಅದೇ ಗ್ರಂಥದ ಮತ್ತೊಂದು ಚಿತ್ರದಲ್ಲಿ, ನಂತರದ ಮನೆಗಳನ್ನೆಲ್ಲ ತೆಗೆದುಹಾಕಿ, ಅಳಿದುಳಿದ ಅವಶೇಷಗಳನ್ನು ಮಾತ್ರ ಬರಿ ಬಯಲಿನಲ್ಲಿ ತೋರಿಸಿದ್ದಾನೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ವಾಚಕನಿಗೆ ಉಳಿದದ್ದೆಷ್ಟು, ಊಹಿಸಿದ್ದೆಷ್ಟು ಎಂಬುದು ತಿಳಿದೀತು. ಆದರೆ ಗ್ರಂಥದಿಂದ ಬೇರ್ಪಟ್ಟು ಗೋಡೆಯೇರಿದ ಮಹಾನಕ್ಷೆಗೆ ಆ ಸಾಕ್ಷಿಯ ನೆರವು ಇಲ್ಲ. ಅಲ್ಲಿ ಊಹೆಯೇ ಇತಿಹಾಸವೆನಿಸುತ್ತದೆ.

ಆದಕಾರಣ ದೋಷವಿರುವುದು ಕಲ್ಪನೆಯಲ್ಲಿ ಅಲ್ಲ, ಅದನ್ನು ಹೆಸರಿಸದೆ ಬಿಡುವುದರಲ್ಲಿ. ಪ್ರಾಚೀನ ದೇವಾಲಯದ ಚಿತ್ರವನ್ನು ಅಚ್ಚುಹಾಕಿಸುವ ಆಡಳಿತ ಮಂಡಳಿಗಳಿಗೂ ಪ್ರಕಾಶಕರಿಗೂ ಈ ವಿವೇಕ ಅವಶ್ಯ. ಬಿದ್ದುಹೋದ ಶಿಖರವನ್ನು ಚಿತ್ರಕಾರನು ಊಹಿಸಿ ಪೂರ್ಣಗೊಳಿಸಲಿ. ಆದರೆ ಇಷ್ಟು ಇದೆ, ಇಷ್ಟು ಊಹೆ ಎಂದು ಚಿತ್ರದ ಅಡಿಯಲ್ಲೇ ಬರೆಯಿಸಲಿ. ಆ ಒಂದು ಸಾಲಿನಿಂದ ಚಿತ್ರದ ಸೊಬಗು ಕುಂದದು. ಮುಂದೆ ಅದನ್ನು ಆಧಾರವಾಗಿಟ್ಟುಕೊಂಡು ಜೀರ್ಣೋದ್ಧಾರಕ್ಕೆ ಕೈಹಾಕುವವರು ದಾರಿ ತಪ್ಪಲಾರರು.