ಮಗು, ಕುರಿ, ಇರುಳು: ಶಾಲೆಯ ಕ್ರಿಸ್‌ಮಸ್ ಹಾಡಿನ ಕನ್ನಡ

ಡಿಸೆಂಬರ್ ಬಂತೆಂದರೆ ತುಮಕೂರು ರಸ್ತೆಯ ಉದ್ದಕ್ಕೂ, ಪೀಣ್ಯದಿಂದ ಮಾದನಾಯಕನಹಳ್ಳಿ ದಾಟಿ ನೆಲಮಂಗಲದವರೆಗೆ, ಹೈಸ್ಕೂಲುಗಳಲ್ಲಿ ಕ್ರಿಸ್‌ಮಸ್ ಹಾಡುಗಳ ತಾಲೀಮು ಶುರುವಾಗುತ್ತದೆ. ಕೆಲವು ಶಾಲೆಗಳಿಗೆ ಅದು ವರ್ಷದ ದೊಡ್ಡ ಕಾರ್ಯಕ್ರಮ, ಕೆಲವಕ್ಕೆ ರಜೆಗೆ ಮುಂಚಿನ ಒಂದು ಮಧ್ಯಾಹ್ನ. ಮಕ್ಕಳು ಮೂರು ಸಾಲಾಗಿ ನಿಲ್ಲುತ್ತಾರೆ, ಕೀಬೋರ್ಡು ಶ್ರುತಿ ಕೊಡುತ್ತದೆ, ಇಂಗ್ಲಿಷ್ ಹಾಡುಗಳ ನಡುವೆ ಎಲ್ಲೋ ಒಂದು ಕನ್ನಡ ಹಾಡು ಬಂದು ಹೋಗುತ್ತದೆ. ಮಕ್ಕಳು ಹಾಡಿದರು, ನಾವು ಚಪ್ಪಾಳೆ ತಟ್ಟಿದೆವು, ಅಲ್ಲಿಗೆ ಮುಗಿಯಿತು. ಆ ಒಂದು ಹಾಡನ್ನು ವಿಮರ್ಶೆಗೆ ಎತ್ತಿಕೊಳ್ಳುವ ಅಭ್ಯಾಸ ನಮಗಿಲ್ಲ. ಎತ್ತಿಕೊಂಡರೆ ಅದರಲ್ಲಿ ಕನ್ನಡ ಛಂದಸ್ಸಿನ ಒಂದು ನಿಜವಾದ ತೊಡಕು ಕಾಣುತ್ತದೆ.

ತೊಡಕು ಏನೆಂದರೆ, ಹಾಡಿದ್ದು ಕನ್ನಡವಾದರೂ ಹಿಂದಿನ ಸಾಲಿನಲ್ಲಿ ಕೂತ ತಂದೆತಾಯಿಗೆ ಮಾತು ಕೇಳಿಸುವುದಿಲ್ಲ. ಶಿಫ್ಟ್ ಬದಲಾಯಿಸಿಕೊಂಡು ಬಂದವರು ಅವರು. ಮಗಳು ಹಾಡುವ ಇಂಗ್ಲಿಷ್ ಅರ್ಥವಾಗದಿದ್ದರೆ ಬೇಸರಪಡುವುದಿಲ್ಲ, ಕನ್ನಡ ಹಾಡೂ ಅರ್ಥವಾಗದಿದ್ದರೆ ತಮ್ಮ ಕಿವಿಯನ್ನೇ ಅನುಮಾನಿಸುತ್ತಾರೆ. ದೋಷ ಅವರ ಕಿವಿಯದಲ್ಲ, ಮಕ್ಕಳ ಗಂಟಲಿನದೂ ಅಲ್ಲ. ಅದು ಮಾತನ್ನು ಧಾಟಿಗೆ ಕೂಡಿಸಿದ ರೀತಿಯದು.

ಎಲ್ಲರಿಗೂ ಗೊತ್ತಿರುವ ‘ಸೈಲೆಂಟ್ ನೈಟ್’ ಹಾಡನ್ನೇ ನೋಡೋಣ. ಮೂಲ ಜರ್ಮನ್ ಕವಿತೆಯನ್ನು ಯೋಸೆಫ್ ಮೋರ್ ಎಂಬ ಪಾದ್ರಿ ಬರೆದದ್ದು 1816ರಲ್ಲಿ. ಅದಕ್ಕೆ ಧಾಟಿ ಕಟ್ಟಿದವನು ಫ್ರಾಂಟ್ಸ್ ಗ್ರೂಬರ್, ಒಬ್ಬ ಹಳ್ಳಿ ಶಾಲೆಯ ಮೇಷ್ಟ್ರು. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಇಗರ್ಜಿಯಲ್ಲಿ ಅದನ್ನು ಮೊದಲು ಹಾಡಿದ್ದು 1818ರ ಡಿಸೆಂಬರ್ 24ರಂದು, ಗಿಟಾರಿನ ಜೊತೆಗೆ. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಅಲ್ಲಿನ ಜನ ಆ ಹಾಡನ್ನು ತಮ್ಮ ಜರ್ಮನ್ ಭಾಷೆಯಲ್ಲಿ ಕೇಳಿದರು. ಧಾಟಿ ಜೋಗುಳದ್ದು, ನಡೆ ಮೂರು ಮೂರು ಮಾತ್ರೆಯದು.

ಮೊದಲ ಮೂರು ಮಾತ್ರೆಯಲ್ಲಿ ಮೂರು ಸ್ವರಗಳಿವೆ. ಒಂದಕ್ಕೆ ಒಂದೂವರೆ ಮಾತ್ರೆ, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಒಂದು. ಆಮೇಲೆ ಪೂರ್ತಿ ಮೂರು ಮಾತ್ರೆ ನಿಲ್ಲುವ ಒಂದು ಸ್ವರ. ಇಂಗ್ಲಿಷಿನಲ್ಲಿ ‘ಸೈ’ ಮೊದಲಿನ ಎರಡು ಸ್ವರಗಳನ್ನು ತೆಗೆದುಕೊಳ್ಳುತ್ತದೆ, ‘ಲೆಂಟ್’ ಮೂರನೆಯದನ್ನು, ‘ನೈಟ್’ ಆ ಉದ್ದದ ಸ್ವರವನ್ನು. ಅನುವಾದಕ ಇಲ್ಲಿ ಮೂರು ಅಕ್ಷರ ಇದೆಯೆಂದು ಎಣಿಸಿ ಕನ್ನಡದ ಮೂರಕ್ಷರದ ಪದ ಹುಡುಕುತ್ತಾನೆ. ರಾತ್ರಿಗೆ ನಮ್ಮಲ್ಲಿ ‘ಇರುಳು’ ಇದೆ, ಸರಿಯಾಗಿ ಮೂರಕ್ಷರ. ಹಾಡಿ ನೋಡಿ: ಎರಡು ಮಾತ್ರೆಯ ಇ, ಒಂದು ಮಾತ್ರೆಯ ರು, ಮೂರು ಮಾತ್ರೆಯ ಳು. ‘ಈರುಳೂ’ ಎಂದಾಯಿತು. ಕೇಳುವವರಿಗೆ ಇರುಳಿಗಿಂತ ಮೊದಲು ಈರುಳ್ಳಿ ನೆನಪಾಗುತ್ತದೆ.

ಇಂಗ್ಲಿಷಿನಲ್ಲಿ ಒಂದಕ್ಷರವನ್ನು ಸ್ವಲ್ಪ ಎಳೆದರೆ ಪದ ಸಾಮಾನ್ಯವಾಗಿ ಅದೇ ಪದವಾಗಿ ಉಳಿಯುತ್ತದೆ. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಪದವೇ ಬದಲಾಗುತ್ತದೆ. ಮಗುವನ್ನು ಎಳೆದರೆ ‘ಮಾಗು’, ಹಸುವನ್ನು ಎಳೆದರೆ ‘ಹಾಸು’. ಕುರಿಯನ್ನು ಎಳೆದರಂತೂ ‘ಕೂರಿ’. ಕುರುಬರ ಮಂದೆ ಅತಿಥಿಗಳಿಗೆ ಕುರ್ಚಿ ತೋರಿಸುತ್ತದೆ. ಕ್ರಿಸ್‌ಮಸ್ ಕಥೆಗೆ ಬೇಕಾದ ಕನ್ನಡದ ಮುಖ್ಯ ಪದಗಳೆಲ್ಲ ಹೀಗೆ ಲಘುವಿನಿಂದ ಶುರುವಾಗುವವು: ಮಗು, ಕುರಿ, ಹಸು, ಇರುಳು, ಮನೆ.

ಆದ್ದರಿಂದ ಅನುವಾದಕರು ಗುರುವಿನಿಂದ ಶುರುವಾಗುವ ಪದಗಳಿಗೆ ಹೋಗುತ್ತಾರೆ. ಅವು ಸಂಸ್ಕೃತದಲ್ಲಿ ರಾಶಿ ಬಿದ್ದಿವೆ: ಶಾಂತ, ರಾತ್ರಿ, ಬಾಲ, ರಾಜ, ದೇವ, ಲೋಕ, ತಾರೆ. ‘ಶಾಂತ ರಾತ್ರಿ’ ಎಂದು ಇಟ್ಟರೆ ಮೊದಲ ಮೂರಕ್ಷರ ಗ್ರೂಬರನ ಸ್ವರಗಳಿಗೆ ಅಳತೆ ತೆಗೆದು ಹೊಲಿದಂತೆ ಕೂರುತ್ತವೆ, ಉಳಿದ ‘ತ್ರಿ’ ಉದ್ದ ಸ್ವರದ ಬಾಲದಲ್ಲಿ ಸೇರಿಕೊಳ್ಳುತ್ತದೆ. ಕನ್ನಡ ಕ್ರಿಸ್‌ಮಸ್ ಗೀತೆಗಳು ಇಷ್ಟೊಂದು ಸಂಸ್ಕೃತಮಯ ಏಕೆ ಎಂಬ ಪ್ರಶ್ನೆಗೆ ಭಕ್ತಿಯ ಗಾಂಭೀರ್ಯ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಧಾಟಿಯ ಒತ್ತಾಯವೂ ಅದಕ್ಕೆ ಅಷ್ಟೇ ಕಾರಣ ಎಂದು ನನಗನ್ನಿಸುತ್ತದೆ. ಅದರ ಬೆಲೆಯೂ ಸಣ್ಣದಲ್ಲ. ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಕಥೆ ಆಸ್ಥಾನದ ಭಾಷೆಗೆ ಹೋಗಿಬಿಡುತ್ತದೆ.

ಈ ತೊಡಕನ್ನು ಬೇರೆ ದಾರಿಯಿಂದ ನೋಡಿದವನು ಫರ್ಡಿನೆಂಡ್ ಕಿಟ್ಟೆಲ್. ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಇಲ್ಲಿಗೆ ಬಂದ ಅವನನ್ನು ನಾವು 1894ರ ನಿಘಂಟಿನಿಂದ ನೆನೆಯುತ್ತೇವೆ. ಅದಕ್ಕಿಂತ ಮೂರು ದಶಕ ಮೊದಲು, 1862ರಲ್ಲಿ, ಅವನು ಕ್ರಿಸ್ತನ ಬದುಕನ್ನು ಇಲ್ಲಿಯದೇ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಪ್ರಕಟಿಸಿದ್ದ. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದವನೂ ಅವನೇ. ಜರ್ಮನ್ ಧಾಟಿಗಳಿಗೆ ಕನ್ನಡ ಮಾತು ತುಂಬುವ ಕೆಲಸ ಅವನ ಮಿಶನ್ನಿನಲ್ಲೇ ನಡೆದಿತ್ತು. ಕಥೆ ಹೇಳಲು ಕೂತಾಗ ಕಿಟ್ಟೆಲ್ ಅಚ್ಚನ್ನೇ ಬದಲಾಯಿಸಿದ. ಷಟ್ಪದಿಯಂಥ ಮಾತ್ರೆಯ ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು. ಅಲ್ಲಿ ಮಗು ಮಗುವಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನಮ್ಮ ಶಾಸ್ತ್ರೀಯ ಗಾಯಕರೂ ಹ್ರಸ್ವವನ್ನು ಎಳೆಯುತ್ತಾರಲ್ಲ, ದಾಸರ ಪದದಲ್ಲಿ ಸಂಗತಿ ಹಾಕುವಾಗ ಯಾರು ಮಾತ್ರೆ ಎಣಿಸುತ್ತಾರೆ? ನಿಜ. ಆದರೆ ಆ ಪದಗಳು ಕೇಳುಗನಿಗೆ ಮೊದಲೇ ಬಾಯಿಪಾಠ, ಗಾಯಕ ಎಲ್ಲಿ ಎಳೆದರೂ ಮಾತು ಮನಸ್ಸಿನಲ್ಲಿ ಇದ್ದೇ ಇರುತ್ತದೆ. ವರ್ಷಕ್ಕೊಮ್ಮೆ ಒಂದು ಸಲ ಕೇಳಿಸುವ ಶಾಲೆಯ ಹಾಡಿಗೆ ಆ ಸಾಲ ಸಿಗುವುದಿಲ್ಲ. ಜೊತೆಗೆ, ಗಾನವೃಂದದ ಇಂಥ ಹಾಡುಗಳಲ್ಲಿ ಮೇಲಿನ ದನಿ, ಕೆಳಗಿನ ದನಿ ಎಲ್ಲ ಒಂದೇ ಅಕ್ಷರವನ್ನು ಒಂದೇ ಹೊತ್ತಿಗೆ ನುಡಿಯುತ್ತವೆ. ಒಬ್ಬ ಗಾಯಕನ ‘ಈರುಳು’ ಕ್ಷಣದಲ್ಲಿ ತೇಲಿಹೋಗಬಹುದು, ನಲವತ್ತು ಮಕ್ಕಳ ‘ಈರುಳು’ ಸಭಾಂಗಣ ತುಂಬುತ್ತದೆ. ಹಾಡನ್ನು ಮಕ್ಕಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದರೆ ಮುಗಿದೇ ಹೋಯಿತು. ಆ ಹಾಳೆಯಲ್ಲಿ ಮಗುವಿಗೂ ಮಾಗುವಿಗೂ ಒಂದೇ ಕಾಗುಣಿತ.

ಹಾಗಾದರೆ ಗ್ರೂಬರನ ಧಾಟಿಯನ್ನು ಬಿಟ್ಟುಬಿಡಬೇಕೆ? ಬೇಕಿಲ್ಲ. ಅಕ್ಷರ ಎಣಿಸುವುದನ್ನು ಬಿಟ್ಟು ಮಾತ್ರೆ ಎಣಿಸಿದರೆ ಸಾಕು. ಆ ಮೂರು ಮಾತ್ರೆಯಲ್ಲಿ ಮೂರು ಸ್ವರ ಇವೆಯೆಂದೆನಲ್ಲ, ‘ಇರುಳು’ ಪದವನ್ನು ಪೂರ್ತಿಯಾಗಿ ಅಲ್ಲೇ ಇಡಿ: ಇ, ರು, ಳು, ಸ್ವರಕ್ಕೊಂದು ಅಕ್ಷರ. ‘ಇ’ ಸ್ವಲ್ಪ ನಿಲ್ಲುತ್ತದೆ, ಆದರೆ ‘ಈ’ ಆಗುವಷ್ಟಲ್ಲ. ‘ಮಗುವು’, ‘ಕುರಿಯ’, ‘ಹಸುವು’ ಎಲ್ಲವೂ ಹೀಗೆ ಮೂರು ಮಾತ್ರೆಯ ಗಣಗಳೇ. ಆಮೇಲಿನ ಉದ್ದ ಸ್ವರಕ್ಕೆ ಕನ್ನಡದ್ದೇ ದೀರ್ಘವಿರುವ ಪದ ಕೊಡಿ: ಕೂಸು, ತಾಯಿ, ಊರು, ಬಾನು. ‘ಬಾಲ’ ಇರುವ ಕಡೆಯಲ್ಲೆಲ್ಲ ‘ಕೂಸು’ ಕೂರುತ್ತದೆ, ಅಳತೆ ಒಂದೇ.

ಮೂರು ಮಾತ್ರೆಯ ಈ ನಡೆ ಮಕ್ಕಳಿಗೆ ಹೊಸದೇನಲ್ಲ. ಕನ್ನಡ ಪಠ್ಯದಲ್ಲಿ ತಲೆಮಾರುಗಳು ಓದಿದ ಮುಪ್ಪಿನ ಷಡಕ್ಷರಿಯ ‘ತಿರುಕನ ಕನಸು’ ಭೋಗ ಷಟ್ಪದಿಯಲ್ಲಿದೆ, ಅದರ ಗಣ ಮೂರು ಮಾತ್ರೆಯದೇ. ಕನ್ನಡ ಮೇಷ್ಟ್ರು ಪ್ರಸ್ತಾರ ಹಾಕಿಸುವ ಪಾಠವೂ ಸಂಗೀತದ ಟೀಚರ್ ತಾಳ ಹಿಡಿಸುವ ಪಾಠವೂ ಒಂದೇ ಲೆಕ್ಕದವು. ಇಬ್ಬರೂ ಒಂದು ಮಧ್ಯಾಹ್ನ ಜೊತೆಗೆ ಕೂತರೆ ಹಾಡು ಸರಿಯಾಗುತ್ತದೆ. ಪರೀಕ್ಷೆಗೆಂದು ಮಾತ್ರ ಕಲಿಯುವ ಲಘು ಗುರುಗಳಿಗೆ ಅಂಕದಾಚೆಗೂ ಒಂದು ಉಪಯೋಗವಿದೆಯೆಂದು ಹತ್ತನೇ ತರಗತಿಯ ಮಕ್ಕಳಿಗೆ ಗೊತ್ತಾಗುತ್ತದೆ.

ಮೋರ್ ಬರೆದ ಎರಡು ವರ್ಷಗಳ ಮೇಲೆ ಗ್ರೂಬರ್ ಧಾಟಿ ಕಟ್ಟಿದ. ಅಂದರೆ ಮಾತು ಮೊದಲು, ಧಾಟಿ ಆಮೇಲೆ. ಆ ಹಾಡಿಗೆ ನಿಷ್ಠರಾಗಿರುವುದೆಂದರೆ ಅದರ ಸ್ವರಗಳನ್ನು ಕಾಪಾಡುವುದಷ್ಟೇ ಅಲ್ಲ, ಹಳ್ಳಿ ಮೇಷ್ಟ್ರೊಬ್ಬ ತನ್ನೂರಿನ ಮಾತಿಗೆ ತೋರಿಸಿದ ಮರ್ಯಾದೆಯನ್ನೂ ಕಾಪಾಡುವುದು. ಈ ಡಿಸೆಂಬರಿನಲ್ಲಿ ಯಾವುದಾದರೂ ಶಾಲೆಯ ಕಾರ್ಯಕ್ರಮಕ್ಕೆ ಹೋದರೆ ಹಿಂದಿನ ಸಾಲಿನಲ್ಲಿ ಕೂತು ಒಂದನ್ನು ಗಮನಿಸಿ: ಕುರಿ ಕುರಿಯಾಗಿಯೇ ಕೇಳಿಸಿತೆ? ಕೇಳಿಸಿದ್ದರೆ ಆ ಮೇಷ್ಟ್ರನ್ನೂ ಟೀಚರನ್ನೂ ಹುಡುಕಿಕೊಂಡು ಹೋಗಿ ಒಂದು ಒಳ್ಳೆಯ ಮಾತು ಹೇಳಿ ಬನ್ನಿ.